ಪರ್ಯಾಪ್ತ ಮನುಷ್ಯರಾಶಿಯ ಅಂಕಶುದ್ಧಿ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಕಟಪಯಾದಿ ಕ್ರಮದಿಂದ ಒಂದೇ ಗಾಥೆಯಲ್ಲಿ ಅಡಗಿಸಿರುವುದು ವಿದ್ವಾಂಸರಿಗೆ ವಿದಿತವೇ. ಅಕ್ಷರಾಂಕಗಳನ್ನು ವಾಮಗತಿಯಿಂದ ಇರಿಸಿದರೆ 79228162514264337593543950336 ಎಂಬ 29 ಸ್ಥಾನಗಳ ರಾಶಿ ದೊರೆಯುತ್ತದೆ. ದ್ವಿರೂಪವರ್ಗಧಾರೆಯ ಐದನೆಯ ವರ್ಗವಾದ ಬಾದಾಲವನ್ನು (4294967296) ಆರನೆಯದಾದ ಏಕಟ್ಠಿಯಿಂದ ಗುಣಿಸಿದ ಫಲವಿದು. ಬಾದಾಲದ ಘನವೆಂದರೂ ಇದೇ. ಅವುಗಳ ಅರ್ಧಚ್ಛೇದಗಳು 32 ಮತ್ತು 64, ಕೂಡಿದರೆ 96.

ಇಲ್ಲಿ ಲಿಪಿಕಾರನ ಒಂದು ಗೀಟು ತಪ್ಪಿದರೂ ಅನರ್ಥವೇ. ಕನ್ನಡ ಲಿಪಿಯ ಓಲೆಯಲ್ಲಿ ಧಕಾರದ ಸೀಳು ಬಿಟ್ಟುಹೋದರೆ 9 ಇದ್ದಲ್ಲಿ 8 ಕೂರುತ್ತದೆ. ಗಾಥೆಯ ಮೊದಲಲ್ಲಿರುವ ‘ತಲಲೀನ’ವನ್ನು ‘ತಲ್ಲೀನ’ವೆಂದು ತಿದ್ದುವ ಚಾಪಲ್ಯ ಸಂಸ್ಕೃತಾಭ್ಯಾಸಿಗಳಾದ ನಮಗೂ ಇಲ್ಲದಿಲ್ಲ. ಆದರೆ ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆಯಿರುವುದರಿಂದ ಒಂದು 3 ಲೋಪವಾಗಿ ಸ್ಥಾನಗಳು 28ಕ್ಕೆ ಇಳಿಯುತ್ತವೆ. ಹ್ರಸ್ವದೀರ್ಘಗಳ ವ್ಯತ್ಯಾಸಕ್ಕೆ ಅಂಜಬೇಕಿಲ್ಲ.

ಪಾಠಶೋಧನೆಗೆ ರಾಶಿಯೇ ಸಾಕ್ಷಿ. ಅಂಕಗಳ ಮೊತ್ತ 127. 9ರಿಂದ ಭಾಗಿಸಿದರೆ ಶೇಷ 1. ಒಂದು ಧಕಾರ ದಕಾರವಾದರೆ ಮೊತ್ತ 126 ಆಗಿ ಶೇಷವೇ ಉಳಿಯದು. ನೆರೆಯ ಎರಡು ಅಕ್ಷರಗಳು ಅದಲುಬದಲಾದರೆ ಮಾತ್ರ ಈ ಪರೀಕ್ಷೆ ಸಾಲದು. ಆಗ ಏಕಸ್ಥಾನದಿಂದ ತೊಡಗಿ ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಬೇಕು, 31 ಬರಬೇಕು. ಸಂದೇಹ ಇನ್ನೂ ಉಳಿದರೆ 96 ಬಾರಿ ಅರ್ಧಿಸಿ ನೋಡುವುದು. ಶುದ್ಧಪಾಠವಾದರೆ ಕೊನೆಗೆ 1 ನಿಲ್ಲುತ್ತದೆ.

ಆದುದರಿಂದ ಕೇಶವವರ್ಣಿಯ ಕನ್ನಡ ವೃತ್ತಿಯ (ಕ್ರಿ.ಶ. 1359) ಪ್ರತಿಗಳನ್ನು ಹೋಲಿಸುವವರು ಈ ಒಂದು ಗಾಥೆಯಲ್ಲಿ ಬಹುಪ್ರತಿಗಳ ಪಾಠವೆಂಬ ಕಾರಣಕ್ಕೆ ಯಾವುದನ್ನೂ ಅಂಗೀಕರಿಸಲಾಗದು.