ಪಂಪ್ ಬೇಗ ಖಾಲಿಯಾದರೆ

ಎದೆ ಕಟ್ಟಿದಾಗ ಆಸ್ತಮಾ ರೋಗಿಗಳು ಬಾಯಿಗಿಟ್ಟು ಒತ್ತುವ ಸಾಲ್ಬುಟಮಾಲ್ ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತದೆ. ರೋಗ ಹತೋಟಿಯಲ್ಲಿದ್ದು, ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಪಫ್ ಸಾಕಾದರೆ ಒಂದು ಪಂಪ್ ಹೆಚ್ಚುಕಡಿಮೆ ವರ್ಷ ಬಾಳಬೇಕು. ತಿಂಗಳಿಗೇ ಮುಗಿದಿದ್ದರೆ ದಿನಕ್ಕೆ ಆರೇಳು ಪಫ್ ಹೋಗಿದೆ. "ಡಾಕ್ಟ್ರೇ, ಇನ್ನೊಂದು ಬರ್ಕೊಡಿ" ಎಂದವರಿಗೆ ಬರೆದುಕೊಡುವುದು ಅರ್ಧ ನಿಮಿಷದ ಕೆಲಸ. ಗದರಿಸಿ ಕಳಿಸುವುದು ಇನ್ನೂ ಸುಲಭ. ಎರಡೂ ತಪ್ಪು. ಅವಧಿಗೆ ಮುಂಚೆ ಔಷಧ ಕೇಳುವುದೂ ಒಂದು ರೋಗಲಕ್ಷಣವೇ, ಅದರ ಕಾರಣ ಹುಡುಕಬೇಕು.

ಅಹಮದಾಬಾದಿನ ವಟ್ವಾದಂಥ ಕಡೆ ಆ ಕಾರಣ ಕ್ಲಿನಿಕ್ಕಿನಿಂದ ಕೂಗಳತೆಯಲ್ಲೇ ಇರಬಹುದು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬಣ್ಣ ಮತ್ತು ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಘಟಕಗಳು ಬಹಳ. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಒಗೆದರೂ ಸುಲಭವಾಗಿ ಬಿಡದಿರುವುದು ಅದಕ್ಕೇ. ಅದರ ಪುಡಿ ಉಸಿರಿನೊಂದಿಗೆ ಒಳಹೋದರೆ ದೇಹದ ಪ್ರೋಟೀನಿಗೂ ಹಾಗೆಯೇ ಅಂಟಿಕೊಳ್ಳುತ್ತದೆ. ಕೆಲವರ ಮೈ ಅದನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ಮುಂದೆ ಚೂರು ಪುಡಿ ತಾಗಿದರೂ ಶ್ವಾಸನಾಳ ಬಿಗಿಯುತ್ತದೆ. ಪುಡಿ ತೂಗುವವರಿಗೆ, ಬೆರೆಸುವವರಿಗೆ ಈ ಔದ್ಯೋಗಿಕ ಆಸ್ತಮಾದ ಅಪಾಯ ಹೆಚ್ಚು. ಎಷ್ಟೋ ಸಲ ಪಾಳಿ ಮುಗಿಸಿ ಮನೆಗೆ ಬಂದಮೇಲೆ, ರಾತ್ರಿ ಎದೆ ಸುಯ್ಗುಟ್ಟುವುದರಿಂದ ಕಾರ್ಖಾನೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ವೈದ್ಯರು ಇಲ್ಲಿ ತಪ್ಪದೆ ಕೇಳಬೇಕಾದ ಪ್ರಶ್ನೆಯೊಂದಿದೆ: "ರಜೆ ಹಾಕಿ ಊರಿಗೆ ಹೋದಾಗ ಪಂಪ್ ಬೇಕಾಯಿತಾ?" ಊರಲ್ಲಿ ಮೂಲೆಗೆ ಬಿದ್ದಿದ್ದ ಪಂಪ್ ಕೆಲಸಕ್ಕೆ ಮರಳಿದ ವಾರವೇ ಕೈಗೆ ಬಂದಿದ್ದರೆ, ಊದುವ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಡಬೇಕು. ಅಗ್ಗದ ಈ ಕೊಳವೆಗೆ ದಿನಕ್ಕೆ ನಾಲ್ಕು ಸಲ ಊದಿ, ಕೆಲಸದ ದಿನ, ರಜೆಯ ದಿನ ಎರಡರ ಅಂಕಿಯನ್ನೂ ಕೆಲವು ವಾರ ಬರೆದಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಇಂಥ ಕಾಯಿಲೆಗಳ ಅಧ್ಯಯನಕ್ಕೆಂದೇ ಇರುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇರುವುದೂ ಅಹಮದಾಬಾದಿನಲ್ಲೇ. ಅದರ ದಕ್ಷಿಣ ಕೇಂದ್ರ ಬೆಂಗಳೂರಿನಲ್ಲಿದೆ.

ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ನಾಲ್ಕಾರು ಗಂಟೆ ಸಡಿಲಿಸುತ್ತದೆ, ಅಷ್ಟೇ. ಒಳಗಿನ ಊತ ಇಳಿಸಲು ಸ್ಟೀರಾಯ್ಡ್ ಇನ್‌ಹೇಲರ್ ಬೇಕು. ಆಸ್ತಮಾ ಸಾವುಗಳ ಬಗ್ಗೆ ಬ್ರಿಟನ್ನಿನಲ್ಲಿ 2014ರಲ್ಲಿ ಹೊರಬಂದ ವರದಿಯ ಪ್ರಕಾರ, ಲೆಕ್ಕ ಸಿಕ್ಕ ರೋಗಿಗಳಲ್ಲಿ ಶೇ. 39 ಮಂದಿಗೆ ಸಾವಿನ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ಇಂಥ ಪಂಪ್ ಬರೆದುಕೊಟ್ಟಿದ್ದರು. ಅಷ್ಟು ಪಂಪ್ ಯಾಕೆ ಎಂದು ಕೇಳುವ ಅವಕಾಶ ವೈದ್ಯರಿಗೆ ಪ್ರತಿ ಸಲವೂ ಇತ್ತು.

ಪಂಪಾಗಲಿ, ಬೇರೆ ಔಷಧವಾಗಲಿ, ಬೇಗ ಮುಗಿದದ್ದಕ್ಕೆಲ್ಲ ದೊಡ್ಡ ಕಾರಣ ಇರಬೇಕೆಂದಿಲ್ಲ. ಗಂಡನ ಬಿಪಿ ಮಾತ್ರೆಯನ್ನೇ ಹೆಂಡತಿಯೂ ನುಂಗುತ್ತಿರಬಹುದು. ಇಬ್ಬರು ಡಾಕ್ಟರು ಒಂದೇ ಔಷಧವನ್ನು ಬೇರೆ ಬೇರೆ ಬ್ರ್ಯಾಂಡಿನಲ್ಲಿ ಬರೆದಿರಬಹುದು. ನಿದ್ದೆ ಮಾತ್ರೆಯ ವಿಷಯ ಮಾತ್ರ ಬೇರೆ. ಅಲ್ಪ್ರಜೋಲಾಮ್‌ನಂಥವು ಕೆಲವೇ ವಾರಗಳಲ್ಲಿ ಮೈಗೆ ಒಗ್ಗಿಹೋಗಿ, ಅಷ್ಟೇ ನಿದ್ದೆಗೆ ಹೆಚ್ಚು ಮಾತ್ರೆ ಕೇಳುತ್ತವೆ. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಆದ್ದರಿಂದ ನುರಿತ ವೈದ್ಯರು ಖಡಾಖಂಡಿತವಾಗಿ ಇಲ್ಲವೆನ್ನದೆ, ಒಂದು ವಾರಕ್ಕಾಗುವಷ್ಟೇ ಬರೆದು ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತ ಹೋಗುತ್ತಾರೆ.

ಕಾನೂನಿನಲ್ಲಿ ಕೊರತೆಯಿಲ್ಲ. ಮತ್ತೆ ಕೊಡಬಹುದೆಂದು ವೈದ್ಯರು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧ. 2014ರ ಮಾರ್ಚ್ 1ರಿಂದ ಅಲ್ಪ್ರಜೋಲಾಮ್ ಸೇರಿದಂತೆ ಷೆಡ್ಯೂಲ್ ಎಚ್1 ಪಟ್ಟಿಯ ಔಷಧ ಕೊಟ್ಟಾಗಲೆಲ್ಲ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ಖಾಲಿ ಸ್ಟ್ರಿಪ್ ತೋರಿಸಿದರೆ ಹೊಸದು ಸಿಗುವ ಮೆಡಿಕಲ್ ಶಾಪುಗಳು ನಮ್ಮಲ್ಲಿ ಎಲ್ಲಿಲ್ಲ? ಹಾಗೆ ಕೊಂಡದ್ದು ಡಾಕ್ಟರ ಲೆಕ್ಕಕ್ಕೇ ಬರುವುದಿಲ್ಲ.

ಮುಂದಿನ ಸಲ ಹೋಗುವಾಗ ಖಾಲಿ ಪಂಪ್, ಅರ್ಧ ಮುಗಿದ ಸ್ಟ್ರಿಪ್, ಹಳೆಯ ಚೀಟಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹೊಸ ಪಂಪ್ ಶುರುಮಾಡಿದ ತಾರೀಖನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ.