ಹಾಕಿ ಸೋಲಿಗೆ ತಾಕತ್ತಿನ ಕೊರತೆಯೇ ಕಾರಣವೇ?

ಅಕ್ಕಲಕೋಟ: ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಪೇಪರ್ ಬಂದ ಕೂಡಲೇ ಮೊದಲು ಕೈ ಬದಲಾಗುವುದು ಕ್ರೀಡಾ ಪುಟ. 2025ರ ಜೂನ್‌ನಲ್ಲಿ ಯುರೋಪಿನಲ್ಲಿ ನಡೆದ ಪ್ರೊ ಲೀಗ್ ಪಂದ್ಯಗಳಲ್ಲಿ ಭಾರತದ ಪುರುಷರ ಹಾಕಿ ತಂಡ ಸತತ ಏಳು ಪಂದ್ಯ ಸೋತಿತು. ಅದೇ ತಿಂಗಳು ಮಹಿಳೆಯರ ತಂಡ ಕೊನೆಯ ಸ್ಥಾನಕ್ಕಿಳಿದು ಲೀಗ್‌ನಿಂದಲೇ ಹೊರಬಿತ್ತು. ಆಗ ಇಲ್ಲಿ ಕೇಳಿಬಂದದ್ದು ಒಂದೇ ಮಾತು.

"ನಮ್ಮ ಹುಡುಗೂರ ಮೈಯಾಗ ತಾಕತ್ತ ಇಲ್ರೀ. ಆ ಬಿಳೀ ಮಂದಿ ಒಂದ್ ಧಕ್ಕಾ ಕೊಟ್ರ ಸಾಕು, ಮಕಾಡೆ ಬೀಳ್ತಾವ" ಎಂದರು ಪ್ರಾಯದಲ್ಲಿ ಕುಸ್ತಿ ಹಿಡಿದಿದ್ದ ಹಿರಿಯರೊಬ್ಬರು. ಸುತ್ತ ಕೂತವರೆಲ್ಲ ಹೌದೌದು ಎಂದು ತಲೆಯಾಡಿಸಿದರು.

ಈ ಮಾತು ನಮ್ಮ ಕಡೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಸೊಲ್ಲಾಪುರ, ಜತ್ತ, ಸಾಂಗಲಿ, ಕೊಲ್ಲಾಪುರ ಅಂದರೆ ತಾಲೀಮಿನ ಸೀಮೆ. ಜಾತ್ರೆಗೆ ತೇರು ಎಷ್ಟು ಮುಖ್ಯವೋ ಕುಸ್ತಿ ಕಣವೂ ಅಷ್ಟೇ ಮುಖ್ಯ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವ ಕೂಡ ಕರಾಡ ಹತ್ತಿರದ ಗೋಳೇಶ್ವರದವರು. ಸೋತವನಿಗೆ "ಇನ್ನೂ ನಾಲ್ಕು ಬೈಠಕ್ ಹೊಡಿ" ಎನ್ನುವುದು ನಮ್ಮ ರೂಢಿ. ಆದರೆ ಹಾಕಿಗೂ ಇದೇ ಔಷಧ ನಡೆಯುತ್ತದೆಯೇ?

ಏಳು ಸೋಲಿನ ಲೆಕ್ಕ

ಬಿ.ಕಾಂ. ಓದಿದವನಿಗೆ ಅಂಕಿ ಕಂಡರೆ ಕೂಡಿಸಿ ಕಳೆಯುವ ಚಟ. ಆ ಏಳು ಸೋಲುಗಳನ್ನು ಸಾಲಾಗಿ ಬರೆದು ನೋಡಿದೆ. ನೆದರ್ಲೆಂಡ್ಸ್ ಎದುರು 1-2, 2-3. ಅರ್ಜೆಂಟೀನಾ ಎದುರು 3-4, 1-2. ಆಸ್ಟ್ರೇಲಿಯಾ ಎದುರು 2-3, 2-3. ಬೆಲ್ಜಿಯಂ ಎದುರು ಮಾತ್ರ 3-6. ಅಂದರೆ ಏಳರಲ್ಲಿ ಆರು ಸೋಲು ಬರೀ ಒಂದು ಗೋಲಿನವು. ಮರುದಿನ ಅದೇ ಬೆಲ್ಜಿಯಂ ತಂಡವನ್ನು ನಮ್ಮವರು 4-3ರಿಂದ ಸೋಲಿಸಿದರು.

ಮೈಯಲ್ಲಿ ಕಸುವೇ ಇಲ್ಲದ ತಂಡ ಹೀಗೆ ಸೋಲುವುದಿಲ್ಲ. ಅದು ಹೇಗೆ ಸೋಲುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 2010ರ ದೆಹಲಿ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ನಮ್ಮ ಮೇಲೆ ಎಂಟು ಗೋಲು ಹೊಡೆದಾಗ ನಾವು ಒಂದನ್ನೂ ಹೊಡೆಯಲಿಲ್ಲ. 2025ರ ಸೋಲು ಆ ಜಾತಿಯದಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲಿ ದಕ್ಷಿಣ ಕೊರಿಯಾವನ್ನು 4-1ರಿಂದ ಮಣಿಸಿ ಭಾರತ ಏಷ್ಯಾ ಕಪ್ ಗೆದ್ದಿತು, 2026ರ ವಿಶ್ವಕಪ್‌ಗೆ ಅರ್ಹತೆಯನ್ನೂ ಪಡೆಯಿತು. ಏಷ್ಯಾದ ಎದುರಾಳಿ ಬೇರೆ, ಯುರೋಪಿನವರು ಬೇರೆ, ಒಪ್ಪೋಣ. ಆದರೂ ಮೂರು ತಿಂಗಳಲ್ಲಿ ಯಾರ ತೋಳೂ ದಪ್ಪವಾಗುವುದಿಲ್ಲವಲ್ಲ!

ಹುಲ್ಲು ಹೋಯಿತು, ಓಟ ಬಂತು

ಹಾಗಂತ ಚಹಾದಂಗಡಿಯ ಹಿರಿಯರ ಮಾತು ಪೂರ್ತಿ ತಪ್ಪೂ ಅಲ್ಲ. ಒಂದು ಕಾಲಕ್ಕೆ ಅದು ನೂರಕ್ಕೆ ನೂರು ನಿಜವಾಗಿತ್ತು.

ಹುಲ್ಲಿನ ಮೈದಾನದಲ್ಲಿ ಚೆಂಡು ನಿಧಾನ ಉರುಳುತ್ತಿತ್ತು, ಪುಟಿಯುತ್ತಿತ್ತು. ಅದನ್ನು ಕೋಲಿಗೆ ಅಂಟಿಸಿಕೊಂಡು ಮೂವರನ್ನು ತಪ್ಪಿಸಿ ಹೋಗುವ ಕೈಚಳಕ ನಮ್ಮವರಿಗೆ ಸಿದ್ಧಿಸಿತ್ತು. 1975ರಲ್ಲಿ ಕೌಲಾಲಂಪುರದಲ್ಲಿ ಅಜಿತ್‌ಪಾಲ್ ಸಿಂಗ್ ನಾಯಕತ್ವದ ತಂಡ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೃತಕ ಹಾಸು ಬಂತು. ಅಲ್ಲಿ ನಮಗೆ ಸಿಕ್ಕಿದ್ದು ಏಳನೇ ಸ್ಥಾನ. 1928ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕ ತಂದಿದ್ದ ತಂಡ ಅಂದು ಬರಿಗೈಲಿ ಬಂತು.

ಹಾಸಿನ ಮೇಲೆ ಚೆಂಡು ಬಾಣದಂತೆ ಓಡುತ್ತದೆ. ಅದರ ಹಿಂದೆ ಆಟಗಾರನೂ ಓಡಬೇಕು. 1990ರ ದಶಕದಲ್ಲಿ ಆಟದ ನಡುವೆಯೇ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸುವ ನಿಯಮ ಬಂತು, ಆಫ್‌ಸೈಡ್ ಹೋಯಿತು. ಮೈದಾನ ಉದ್ದಕ್ಕೆ ತೆರೆದುಕೊಂಡಿತು, ಓಟ ಇನ್ನಷ್ಟು ಹೆಚ್ಚಿತು. 1980ರ ಮಾಸ್ಕೋ ಚಿನ್ನದ ನಂತರ ನಾವು ಕೆಳಗಿಳಿಯುತ್ತಲೇ ಹೋದೆವು. 1986ರ ವಿಶ್ವಕಪ್‌ನಲ್ಲಿ 12ನೇ ಸ್ಥಾನ. 2008ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್‌ಗೆ 0-2ರಿಂದ ಸೋತು ಒಲಿಂಪಿಕ್ಸ್‌ಗೇ ಹೋಗಲಿಲ್ಲ. 2012ರ ಲಂಡನ್‌ನಲ್ಲಿ ಆಡಿದ ಆರೂ ಪಂದ್ಯ ಸೋತು ಕಟ್ಟಕಡೆಯ ಸ್ಥಾನ.

ಇದಕ್ಕೆ ಮದ್ದು ತಯಾರಾಗಿದ್ದು ಹೆಚ್ಚಾಗಿ ನಮ್ಮ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. 2011ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಜಾನ್ ಬಂದು ದೇಹ ಸಾಮರ್ಥ್ಯದ ಲೆಕ್ಕ ಇಡಲು ಶುರು ಮಾಡಿದರು. ಟೋಕಿಯೊ ಹೊತ್ತಿಗೆ ಪುರುಷರ ತಂಡಕ್ಕೆ ರಾಬಿನ್ ಆರ್ಕೆಲ್, ಮಹಿಳೆಯರಿಗೆ ವೇಯ್ನ್ ಲೊಂಬಾರ್ಡ್ ಆ ಕೆಲಸ ನೋಡಿಕೊಂಡರು. ಬೀಪ್ ಶಬ್ದಕ್ಕೆ ತಕ್ಕಂತೆ 20 ಮೀಟರ್ ಓಡಿ ತಿರುಗಿ ಬರುವ ಯೋ-ಯೋ ಪರೀಕ್ಷೆ ಎಲ್ಲರಿಗೂ ಪರಿಚಿತವಾಯಿತು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಲ ಅಂಚಿನಲ್ಲಿ ಓಡುವುದನ್ನು ನೋಡಿದವರಿಗೆ ಹಾಕಿಯ ತಾಕತ್ತು ಎಲ್ಲಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅದು ಕಾಲಲ್ಲಿ, ಶ್ವಾಸದಲ್ಲಿ.

ಆದರೆ ಅಂಕಿಯೊಂದೇ ಸಾಲದು. ಸರ್ದಾರ್ ಸಿಂಗ್ ಯೋ-ಯೋ ಪರೀಕ್ಷೆಯಲ್ಲಿ 21.4 ಅಂಕ ಪಡೆದದ್ದು ಪೇಪರಿನಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೂ 2018ರ ಕಾಮನ್‌ವೆಲ್ತ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ.

ಧಕ್ಕಾ ಕೊಟ್ಟರೆ ಕಾರ್ಡ್

ಕುಸ್ತಿಯಲ್ಲಿ ಮೈಗೆ ಮೈ ಹಚ್ಚಿಯೇ ಗೆಲ್ಲಬೇಕು. ಹಾಕಿಯಲ್ಲಿ ಮೈ ಹಚ್ಚಿ ತಳ್ಳಿದರೆ ಫೌಲ್. ಹಸಿರು ಕಾರ್ಡ್ ತೋರಿಸಿದರೆ ಎರಡು ನಿಮಿಷ ಹೊರಗೆ. ಹಳದಿ ಆದರೆ ಕನಿಷ್ಠ ಐದು ನಿಮಿಷ. ಕೆಂಪಾದರೆ ಆ ದಿನದ ಆಟ ಮುಗಿಯಿತು. ಅಷ್ಟು ಹೊತ್ತೂ ತಂಡ ಒಬ್ಬನಿಲ್ಲದೆ ಆಡಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್ ಇದಕ್ಕೆ ಒಳ್ಳೆಯ ಪಾಠ. ಬ್ರಿಟನ್ ಎದುರಿನ ಕ್ವಾರ್ಟರ್ ಫೈನಲ್‌ನ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ಅವರ ಕೋಲು ಎದುರಾಳಿಯ ಮುಖಕ್ಕೆ ತಾಗಿ ಕೆಂಪು ಕಾರ್ಡ್ ಬಂತು. ಅದು ಬೇಕಂತಲೇ ಮಾಡಿದ್ದಲ್ಲ ಎಂದು ನಮ್ಮವರು ವಾದಿಸಿದರೂ ನಡೆಯಲಿಲ್ಲ. ಮುಂದಿನ 40ಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರೊಂದಿಗೆ ಆಡಿತು. 1-1ರಲ್ಲಿ ಹಿಡಿದು ನಿಲ್ಲಿಸಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಗೋಲ್‌ಕೀಪರ್ ಶ್ರೀಜೇಶ್ ಅಂದು ಗೋಡೆಯಾದರು. ಆದರೆ ಆ ಕಾರ್ಡಿನ ಬೆಲೆಯನ್ನು ಸೆಮಿಫೈನಲ್‌ನಲ್ಲಿ ತೆರಬೇಕಾಯಿತು. ರೋಹಿದಾಸ್ ಆಡುವಂತಿರಲಿಲ್ಲ, ಜರ್ಮನಿಗೆ 2-3ರಿಂದ ಸೋತೆವು. ಆಮೇಲೆ ಸ್ಪೇನ್ ವಿರುದ್ಧ 2-1ರಿಂದ ಗೆದ್ದು ಕಂಚು ಬಂತು.

ಹಾಕಿಯ ಗಟ್ಟಿತನ ಅಂದರೆ ಇದು. ಎದುರಾಳಿ ಪೆನಾಲ್ಟಿ ಕಾರ್ನರ್ ಹೊಡೆಯುವಾಗ ಚೆಂಡಿನ ದಾರಿಗೆ ಅಡ್ಡ ಓಡುವ ಗುಂಡಿಗೆ. ಕೊನೆಯ ಐದು ನಿಮಿಷದಲ್ಲಿ ಕಾಲು ಭಾರವಾದರೂ ಕೋಲು ಕೆಳಗೇ ಇಟ್ಟು, ಫೌಲ್ ಮಾಡದೆ ಕಾಯುವ ಸಮಾಧಾನ. ಟೋಕಿಯೊದಲ್ಲಿ 2021ರ ಜುಲೈ 25ರಂದು ಆಸ್ಟ್ರೇಲಿಯಾ ಎದುರು 1-7ರಿಂದ ಸೋತ ತಂಡವೇ ಆಗಸ್ಟ್ 5ರಂದು ಜರ್ಮನಿ ವಿರುದ್ಧ 1-3ರ ಹಿನ್ನಡೆಯಿಂದ ಎದ್ದು 5-4ರಿಂದ ಗೆದ್ದು 41 ವರ್ಷದ ನಂತರ ಪದಕ ತಂದಿತು. ಹನ್ನೊಂದು ದಿನದಲ್ಲಿ ಬದಲಾದದ್ದು ಮೈಯಲ್ಲ, ಮನಸ್ಸು ಮತ್ತು ಆಟದ ಯೋಜನೆ.

ಹಾಲಿಗೆ ನೀರು ಬೆರೆಸಿದ ರಾಣಿ

ಮಹಿಳೆಯರ ತಂಡದ್ದು ಇನ್ನೊಂದು ಕಥೆ. ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆದ ತಂಡ, 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್‌ಗೆ 0-1ರಿಂದ ಸೋತು ಪ್ಯಾರಿಸ್‌ಗೆ ಹೋಗುವುದನ್ನೇ ಕಳೆದುಕೊಂಡಿತು. ಟೋಕಿಯೊದಲ್ಲಿ ನಾಯಕಿಯಾಗಿದ್ದ ಹರಿಯಾಣದ ರಾಣಿ ರಾಂಪಾಲ್ ತಮ್ಮ ಬಾಲ್ಯವನ್ನು ಹಲವು ಬಾರಿ ಹೇಳಿಕೊಂಡಿದ್ದಾರೆ. ತರಬೇತಿಗೆ ಬರುವವರೆಲ್ಲ ದಿನಾ ಅರ್ಧ ಲೀಟರ್ ಹಾಲು ತರಬೇಕಿತ್ತು. ಅವರ ಮನೆಗೆ 200 ಮಿಲಿ ಲೀಟರ್ ಕೊಳ್ಳುವುದೇ ಕಷ್ಟ. ಯಾರಿಗೂ ಹೇಳದೆ ಅದಕ್ಕೆ ನೀರು ಬೆರೆಸಿ ಒಯ್ಯುತ್ತಿದ್ದರು. ಮೊದಮೊದಲು ಮೈಯಲ್ಲಿ ಶಕ್ತಿಯಿಲ್ಲ ಎಂದು ತರಬೇತುದಾರರು ಸೇರಿಸಿಕೊಂಡೇ ಇರಲಿಲ್ಲ.

ಇದನ್ನು ಬರೆಯಲು ಕಾರಣ ನಮ್ಮ ತಾಲೂಕಿನದೇ ಒಂದು ಹಳ್ಳಿ ಶಾಲೆ. ಕನ್ನಡ ಮಾಧ್ಯಮದ್ದು. ಹುಡುಗಿಯರ ಹಾಕಿ ತಂಡ ಕಟ್ಟಿದ್ದಾರೆ. ಕೋಲು ಹಳೆಯವು, ಮೈದಾನ ಕರಿಮಣ್ಣಿನದು. ಸಾಲಾಗಿ ಎರಡು ಪಂದ್ಯ ಸೋತಾಗ "ಇವರಿಗೆ ತಾಕತ್ತ ಇಲ್ಲ" ಎಂದು ಸರ್ ಹತ್ತು ಸುತ್ತು ಹೆಚ್ಚು ಓಡಿಸಿದರು. ಆರನೇ ಸುತ್ತಿಗೆ ಒಬ್ಬ ಹುಡುಗಿ ಕಣ್ಣು ಕತ್ತಲೆ ಬಂದು ಕೂತಳು. ನಾನು ಅಲ್ಲೇ ಇದ್ದೆ.

"ಮುಂಜಾನಿ ಏನ್ ತಿಂದಿ?"

"ಚಾ ಕುಡದೇನ್ರೀ ಸರ."

ಉಳಿದವರನ್ನೂ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಹುಡುಗಿಯರದು ಅದೇ ಉತ್ತರ. ಇದು ಒಂದು ಊರಿನ ಸಂಗತಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿದ್ದರೆ ಉಸಿರು ಸಾಲದು, ಓಡಿಸಿದಷ್ಟೂ ಸೋಲು ಹೆಚ್ಚು. ಪೈಲ್ವಾನರಿಗೆ ಇದು ಗೊತ್ತಿಲ್ಲದ್ದೇನಲ್ಲ. ತಾಲೀಮಿನಲ್ಲಿ ಬೈಠಕ್‌ಗಿಂತ ಮೊದಲು ಖುರಾಕಿನ ಮಾತು ಬರುತ್ತದೆ. ಹುಡುಗಿಯರ ವಿಷಯ ಬಂದಾಗ ಮಾತ್ರ ನಾವು ಖುರಾಕು ಮರೆತು ಬೈಠಕ್ ಹೇಳುತ್ತೇವೆ.

ಆ ಸರ್ ತಪ್ಪು ಒಪ್ಪಿಕೊಂಡರು. ಈಗ ಅಭ್ಯಾಸಕ್ಕೆ ಮೊದಲು ಹುರಿದ ಶೇಂಗಾ, ಬೆಲ್ಲ, ಒಂದು ಬಾಳೆಹಣ್ಣು ಕೊಡುತ್ತಾರೆ. ಖರ್ಚು ಅವರ ಜೇಬಿನದು. ಹುಡುಗಿಯರ ರಕ್ತ ತಪಾಸಣೆಗೂ ಓಡಾಡುತ್ತಿದ್ದಾರೆ. "ಹೆಣ್ಣ ಮಕ್ಕಳ ಕೈಲಿ ಇದು ಆಗೂದಿಲ್ಲ, ಬಿಡಸ್ರಿ" ಎಂದು ಇಬ್ಬರು ಪಾಲಕರು ಬಂದು ಹೋಗಿದ್ದಾರೆ. ಇಬ್ಬರು ಬಿಟ್ಟರೆ ತಂಡ ಹನ್ನೊಂದಕ್ಕೆ ಇಳಿಯುತ್ತದೆ, ಬದಲಿಗೆ ಒಬ್ಬಳೂ ಇರುವುದಿಲ್ಲ.

ನಮ್ಮ ಕಡೆ ಶೇಂಗಾಕ್ಕೆ ಬರವೇ? ಸೊಲ್ಲಾಪುರದ ಶೇಂಗಾ ಚಟ್ನಿ ಊರೂರಿಗೆ ಹೋಗುತ್ತದೆ. ರಾಶಿಯ ಹೊತ್ತಿನಲ್ಲಿ ಮನೆಗೊಂದು ಸೇರು ತೆಗೆದಿಟ್ಟರೆ ಒಂದು ತಂಡ ವರ್ಷವಿಡೀ ಓಡುತ್ತದೆ. ಚಹಾದಂಗಡಿಯ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನಾ ಏನ್ ಅಂದೆ? ತಾಕತ್ತ ಬೇಕಂತನೇ ಅಂದೆ. ಒಂದ್ ಚೀಲ ನಾ ಕೊಡ್ತೇನಿ, ಬರಕೋ" ಎಂದರು.