ತಾಂಬಾದ ಬೋರಿನಿಂದ ಕಪ್ಪುಕುಳಿಯವರೆಗೆ: ಲಾಗ್ ಎಂಬ ನಿಧಾನಸ್ಥ

ಇಂಡಿ ತಾಲ್ಲೂಕಿನ ತಾಂಬಾ ಕಡೆ ಹೋದರೆ ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಬೋರಿಗೇ ಬಂದು ನಿಲ್ಲುತ್ತೆ. "ಎಷ್ಟ್ ಫೂಟಿಗೆ ನೀರ್ ಬಿತ್ತು? ಎಷ್ಟ್ ಇಂಚ್ ಅದ?" ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಮೇಲೆ ಕರಿ ಮಣ್ಣು, ಕೆಳಗೆ ಬಸಾಲ್ಟ್ ಬಂಡೆ. ಜೋಳ, ತೊಗರಿಯಾದರೆ ಮಳೆ ನಂಬಿ ಬಿತ್ತಬಹುದು. ಲಿಂಬಿ ತೋಟ ಮಾಡಬೇಕಂದ್ರೆ ಬೋರ್ ಬೇಕೇ ಬೇಕು.

ಹೊಸ ಬೋರಿಗೆ ಪಂಪು ಇಳಿಸಿ ಓಡಿಸಿದರೆ ಮೊದಲ ಅರ್ಧ ತಾಸು ನೀರಿನ ಮಟ್ಟ ಸರ್ರನೆ ಇಳಿಯುತ್ತೆ. ಆಮೇಲೆ ಇಳಿಯೋದು ಕಡಿಮೆಯಾಗುತ್ತೆ. ಸಂಜೆ ಹೊತ್ತಿಗೆ ನಿಂತೇ ಹೋದ ಹಾಗೆ ಕಾಣುತ್ತೆ. "ನೀರು ನಿಂತ್ತು, ಇನ್ನ ಚಿಂತಿಲ್ಲ" ಅಂತ ಸಾಲ ಮಾಡಿ ಸಸಿ ಹಚ್ಚಿದವರಿಗೆ ಎರಡು ಬೇಸಿಗೆ ಕಳೆದ ಮೇಲೆ ಪಂಪು ಗಾಳಿ ಎಳೆಯೋ ಸದ್ದು ಕೇಳುತ್ತೆ. ಇದಕ್ಕೆ ಮಳೆ ಕಾರಣ, ಬಂಡೆ ಕಾರಣ, ಸುತ್ತ ಹೆಚ್ಚಾದ ಬೋರುಗಳೂ ಕಾರಣ. ಜೊತೆಗೆ ಇನ್ನೊಂದಿದೆ: ಪಿಯುಸಿಯಲ್ಲಿ ನಾವೆಲ್ಲ ಟೇಬಲ್ ನೋಡಿ ಲೆಕ್ಕ ಹಾಕಿ ಮರೆತ ಲಘುಗಣಕ, ಅಂದ್ರೆ ಲಾಗ್. ಆ ಸಂಜೆ ನೀರು ನಿಂತಿರಲಿಲ್ಲ, ಲಾಗ್ ಪ್ರಕಾರ ಇಳಿಯುತ್ತಿತ್ತು. ಇದೇ ಲಾಗ್ ಪದ ಎಲೆಕ್ಟ್ರಾನಿನ ಲೆಕ್ಕದಲ್ಲೂ ಕಪ್ಪುಕುಳಿಯ ಲೆಕ್ಕದಲ್ಲೂ ಬಂದು ಕೂತಿದೆ. ಅದು ಯಾಕೆ ಬರುತ್ತೆ ಅಂತ ನೋಡೋಣ.

ಲಾಗ್ ಎಲ್ಲಿಂದ ಬಂತು?

ನೆಲದಡಿ ಒಂದೇ ದಪ್ಪದ, ನೀರು ತುಂಬಿದ ಒಂದು ಪದರ ಇದೆ ಅಂದ್ಕೊಳ್ಳಿ. ನಡುವೆ ಒಂದು ಬೋರ್. ಅದರ ಸುತ್ತ ಮನಸ್ಸಿನಲ್ಲೇ ಒಂದರ ಹೊರಗೊಂದು ಸಿಲಿಂಡರ್‌ಗಳನ್ನು ಬರೆಯಿರಿ. ಬೋರಿಗೆ ಬರುವ ನೀರು ಪ್ರತಿ ಸಿಲಿಂಡರನ್ನೂ ದಾಟಿಯೇ ಬರಬೇಕು. ಸಿಲಿಂಡರಿನ ಮೈ ವಿಸ್ತೀರ್ಣ ಅದರ ತ್ರಿಜ್ಯಕ್ಕೆ ತಕ್ಕಂತೆ ಹೆಚ್ಚುತ್ತೆ. ಅಂದ್ರೆ ದೂರದಲ್ಲಿ ದಾರಿ ಅಗಲ, ನೀರು ಆರಾಮಾಗಿ ಬರುತ್ತೆ. ಹತ್ತಿರ ಬಂದಂತೆ ಇಕ್ಕಟ್ಟು, ತಳ್ಳೋಕೆ ಹೆಚ್ಚು ಇಳಿಜಾರು ಬೇಕು. ಇಳಿಜಾರು ತ್ರಿಜ್ಯಕ್ಕೆ ವಿಲೋಮ. ಒಂದನ್ನು ತ್ರಿಜ್ಯದಿಂದ ಭಾಗಿಸಿ ಇಂಟಿಗ್ರೇಟ್ ಮಾಡಿದರೆ ಸಿಗೋದು ಲಾಗ್. ಫ್ರಾನ್ಸಿನ ಡ್ಯೂಪ್ವಿ 1863ರಲ್ಲಿ, ಜರ್ಮನಿಯ ಥೀಮ್ 1906ರಲ್ಲಿ ಕೊಟ್ಟ ಬಾವಿ ಸೂತ್ರಗಳ ತಿರುಳು ಇಷ್ಟೇ.

ಸೂತ್ರಕ್ಕಿಂತ ಅದರ ಅರ್ಥ ಮುಖ್ಯ. 10 ಸೆಂ.ಮೀ.ನಿಂದ 1 ಮೀಟರ್, 1ರಿಂದ 10 ಮೀಟರ್, 10ರಿಂದ 100 ಮೀಟರ್: ಈ ಮೂರು ಹಂತದಲ್ಲೂ ನೀರಿನ ಮಟ್ಟ ಒಂದೇ ಅಳತೆಯಷ್ಟು ಇಳಿಯುತ್ತೆ. ಸಣ್ಣ ಅಳತೆ, ದೊಡ್ಡ ಅಳತೆ ಅನ್ನೋ ಭೇದ ಇಲ್ಲದೆ ಎಲ್ಲದಕ್ಕೂ ಸಮಪಾಲು. ಎಲ್ಲಿ ಲಾಗ್ ಕಂಡರೂ ಹೀಗೆ ಓದಿಕೊಳ್ಳಿ: ಇಲ್ಲಿ ಪ್ರತಿ ಹತ್ತುಪಟ್ಟಿಗೂ ಸಮನಾದ ಪಾಲಿದೆ.

ಕಾಲುವೆಯಂತೆ ಒಂದೇ ದಿಕ್ಕಿನಲ್ಲಿ ಹರಿದರೆ ಇಳಿತ ದೂರದ ಜೊತೆ ನೇರವಾಗಿ ಬೆಳೆಯುತ್ತೆ. ಎಲ್ಲ ದಿಕ್ಕಿನಿಂದ ಒಂದು ಬಿಂದುವಿಗೆ ಬಂದರೆ ದೂರದ ಪಾಲು ಬೇಗ ಕರಗಿ, ಮೊತ್ತ ಒಂದು ಮಿತಿಗೆ ನಿಲ್ಲುತ್ತೆ. ಇವೆರಡರ ನಡುವಿನ ಗಡಿಯಲ್ಲಿ ಎರಡು ಆಯಾಮ ಇದೆ. ಲಾಗ್ ಯಾವಾಗಲೂ ಇಂಥ ಗಡಿಯ ಗಿರಾಕಿ: ಬೆಳೆಯೋದು ಬಹಳ ನಿಧಾನ, ಆದರೆ ನಿಲ್ಲೋದಿಲ್ಲ.

ಹೊಲದಲ್ಲಿ ಇದರ ಪರಿಣಾಮ

ಮೊದಲನೇದು, ಬೋರಿನ ಅಗಲ. "ದೊಡ್ಡ ಸೈಜಿಂದು ಹೊಡಸಿದ್ರ ನೀರು ಜಾಸ್ತಿ ಬರ್ತದ" ಅನ್ನೋ ನಂಬಿಕೆ ಇದೆ. ಆರೂವರೆ ಇಂಚಿನ ಬೋರಿನ ತ್ರಿಜ್ಯ ಸುಮಾರು 8 ಸೆಂ.ಮೀ. ಅದರ ಪ್ರಭಾವ 300 ಮೀಟರ್‌ವರೆಗೆ ಅಂತ ಹಿಡಿದರೆ ಅನುಪಾತ 3750, ಅದರ ಸ್ವಾಭಾವಿಕ ಲಾಗ್ 8.23. ಅಗಲ ಎರಡು ಪಟ್ಟು ಮಾಡಿದರೆ ಅನುಪಾತ 1875, ಲಾಗ್ 7.54. ಅಂದ್ರೆ ನೀರು ಹೆಚ್ಚೋದು ಬರೀ 9 ಶೇಕಡಾ. ಖರ್ಚು ಅಷ್ಟಕ್ಕೇ ನಿಲ್ಲಲ್ಲ.

ಎರಡನೇದು, ಕಾಲ. ಅಮೆರಿಕದ ಥೈಸ್ 1935ರಲ್ಲಿ ಕಾಲದ ಜೊತೆ ಮಟ್ಟ ಹೇಗೆ ಇಳಿಯುತ್ತೆ ಅಂತ ಲೆಕ್ಕ ಕೊಟ್ಟರು. 1946ರಲ್ಲಿ ಕೂಪರ್ ಮತ್ತು ಜೇಕಬ್ ಅದನ್ನು ಸರಳ ಮಾಡಿದರು: ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ ಇಳಿತ ಕಾಲದ ಲಾಗ್‌ಗೆ ತಕ್ಕಂತೆ. 1 ನಿಮಿಷದಿಂದ 10 ನಿಮಿಷಕ್ಕೆ ಒಂದು ಮೀಟರ್ ಇಳಿದರೆ, 10ರಿಂದ 100ಕ್ಕೆ ಇನ್ನೊಂದು, 100ರಿಂದ 1000 ನಿಮಿಷಕ್ಕೆ ಮತ್ತೊಂದು. 1000 ನಿಮಿಷ ಅಂದ್ರೆ 17 ತಾಸು. ಮುಂದಿನ ಮೀಟರ್ ಇಳಿಯೋಕೆ ಏಳು ದಿನ, ಅದರ ಮುಂದಿನದಕ್ಕೆ ಎಪ್ಪತ್ತು ದಿನ. ಸಂಜೆ ಬಾವಿಗೆ ಹಗ್ಗ ಬಿಟ್ಟು ನೋಡಿದವರಿಗೆ "ನಿಂತ್ತು" ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಆದ್ರೆ ಸೂತ್ರದಲ್ಲಿ ನಿಲ್ಲೋ ಜಾಗವೇ ಇಲ್ಲ. ನಿಲ್ಲಿಸೋದು ಮಳೆ, ಹಳ್ಳ, ಕೆರೆ. ಹೊರಗಿನಿಂದ ನೀರು ಬಂದು ಸೇರಿದರೆ ಮಾತ್ರ. ಸೇರದಿದ್ದರೆ ಪಕ್ಕದ ಹೊಲದವರ ಬೋರಿನ ಇಳಿತವೂ ನಮ್ಮದಕ್ಕೆ ಕೂಡುತ್ತಾ ಹೋಗುತ್ತೆ.

ಒಂದು ಎಚ್ಚರಿಕೆ: ಬಸಾಲ್ಟಿನಲ್ಲಿ ನೀರು ಇರೋದು ಬಿರುಕುಗಳಲ್ಲಿ, ಸಮನಾದ ಪದರದಲ್ಲಲ್ಲ. ಬಿರುಕು ಎಲ್ಲಿ ಮುಗಿಯುತ್ತೋ ಅಲ್ಲಿಂದ ಮಟ್ಟ ಲಾಗ್‌ಗಿಂತ ಜೋರಾಗಿ ಇಳಿಯುತ್ತೆ. ಹಾಗಾಗಿ ಬಹಳ ಸಲ ಲಾಗ್ ಲೆಕ್ಕ ಹೇಳೋದು ಒಳ್ಳೇ ಸುದ್ದಿಯ ಕಡೆಯ ಅಂದಾಜು.

ನಂಬಬೇಕಾದ್ದು ಇಳಿಜಾರನ್ನು

ಸಿವಿಲ್‌ನವರು ಸೆಮಿಲಾಗ್ ಹಾಳೆಯಲ್ಲಿ ಈ ಗ್ರಾಫ್ ಬರೆದಿರ್ತಾರೆ. ಕಾಲ ಲಾಗ್ ಅಳತೆಯಲ್ಲಿ, ಇಳಿತ ಸಾಮಾನ್ಯ ಅಳತೆಯಲ್ಲಿ; ಬರೋದು ನೇರ ಗೆರೆ. ಬೋರಿನ ಬಾಯಲ್ಲಿ ಕೆಸರು ಕಟ್ಟಿರಬಹುದು, ಕೇಸಿಂಗ್ ಕೆಟ್ಟಿರಬಹುದು. ಪಂಪು ಒಂದೇ ಹದದಲ್ಲಿ ಓಡ್ತಿದ್ದರೆ ಅದೆಲ್ಲ ಇಡೀ ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತೆ ಅಷ್ಟೇ. ಗೆರೆಯ ಇಳಿಜಾರು ಬದಲಾಗಲ್ಲ. ಸೆಕೆಂಡಿಗೆ 2 ಲೀಟರ್ ಎತ್ತುವಾಗ ಪ್ರತಿ ಹತ್ತುಪಟ್ಟಿಗೆ 1 ಮೀಟರ್ ಇಳಿದರೆ, ಆ ಪದರದ ನೀರು ಸಾಗಿಸುವ ಶಕ್ತಿ ದಿನಕ್ಕೆ ಸುಮಾರು 32 ಚದರ ಮೀಟರ್. ಬೋರು ಕೆಟ್ಟದ್ದಾದರೂ ನೆಲದ ಗುಣ ತಿಳಿಯುತ್ತೆ.

ಲಾಗ್ ಪದದ ದೊಡ್ಡ ಗುಣವೇ ಇದು. ಒಳಗಿನ ತ್ರಿಜ್ಯವನ್ನು ಬದಲಿಸಿದರೆ ಒಂದು ಸ್ಥಿರಸಂಖ್ಯೆ ಕೂಡುತ್ತೆ ಅಥವಾ ಕಳೆಯುತ್ತೆ. ಲಾಗ್ ಮುಂದಿನ ಗುಣಾಂಕ ಹಾಗೇ ಇರುತ್ತೆ. ಸೈದ್ಧಾಂತಿಕ ಭೌತವಿಜ್ಞಾನಿಗಳು ಲಾಗ್ ಹಿಂದೆ ಬೀಳೋದೂ ಇದಕ್ಕೇ.

ಅದೇ ಪದ, ಬೇರೆ ಊರು

ತೆಳು ಪದರಗಳಲ್ಲಿ ಸುಳಿಗಳಿರುತ್ತವೆ. ಒಂದು ಸುಳಿಯ ಶಕ್ತಿ ಪದರದ ಅಗಲದ ಲಾಗ್‌ಗೆ ತಕ್ಕಷ್ಟು; ಬೋರಿನ ಲೆಕ್ಕವೇ ಇದು. ಆ ಸುಳಿ ಎಲ್ಲಿ ಬೇಕಾದರೂ ಕೂರಬಹುದು, ಹಾಗಾಗಿ ಅದರ ಎಂಟ್ರೊಪಿಯೂ ಅದೇ ಲಾಗ್. ಎರಡೂ ಒಂದೇ ವೇಗದಲ್ಲಿ ಬೆಳೆಯೋದರಿಂದ ಯಾರು ಗೆಲ್ಲೋದು ಅನ್ನೋದನ್ನು ತಾಪಮಾನ ತೀರ್ಮಾನಿಸುತ್ತೆ. ತಂಪಿದ್ದರೆ ಒಂಟಿ ಸುಳಿ ಹುಟ್ಟಲ್ಲ, ಒಂದು ಹಂತ ದಾಟಿದರೆ ಸುಳಿಗಳು ಬಿಡಿಬಿಡಿಯಾಗಿ ಓಡಾಡುತ್ತವೆ. ಕಾಸ್ಟರ್ಲಿಟ್ಸ್ ಮತ್ತು ಥೌಲೆಸ್ 1973ರಲ್ಲಿ ಬರೆದ ಈ ವಾದಕ್ಕೆ 2016ರ ನೊಬೆಲ್‌ನಲ್ಲಿ ಪಾಲು ಬಂತು.

ಕ್ವಾಂಟಮ್ ಸಿದ್ಧಾಂತದಲ್ಲಿ ಎಲೆಕ್ಟ್ರಾನಿನ ಲೆಕ್ಕ ಹಾಕಿದರೆ ಉತ್ತರ ಅನಂತಕ್ಕೆ ಹೋಗುತ್ತೆ, ಆದರೆ ಲಾಗ್ ವೇಗದಲ್ಲಿ. ವೈಸ್‌ಕಾಫ್ 1939ರಲ್ಲೇ ಇದನ್ನು ತೋರಿಸಿದ್ದರು. ನಿಧಾನವಾದ ಅನಂತ ಆದ್ದರಿಂದಲೇ ಅದನ್ನು ಪಳಗಿಸೋದು ಸಾಧ್ಯವಾಯ್ತು. ಉಳಿದ ಲಾಗ್ ಪ್ರಯೋಗದಲ್ಲೂ ಕಾಣುತ್ತೆ: ವಿದ್ಯುತ್ ಬಲದ ಅಳತೆಯ ಸಂಖ್ಯೆ ಕಡಿಮೆ ಶಕ್ತಿಯಲ್ಲಿ 1/137, ಝಡ್ ಕಣದ ಮಟ್ಟಕ್ಕೆ ಹೋದರೆ ಸುಮಾರು 1/128.

ಇನ್ನು ಕಪ್ಪುಕುಳಿ. ಅದರ ಎಂಟ್ರೊಪಿ ಅದರ ಮೇಲ್ಮೈ ವಿಸ್ತೀರ್ಣದ ಕಾಲುಭಾಗ ಅಂತ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಹೇಳಿದರು. ಅದಕ್ಕೆ ಬರುವ ಮೊದಲ ತಿದ್ದುಪಡಿಗಳಲ್ಲಿ ವಿಸ್ತೀರ್ಣದ ಲಾಗ್ ಇದೆ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಿಂದ ರೋಮೇಶ್ ಕೌಲ್ ಮತ್ತು ಪಾರ್ಥಸಾರಥಿ ಮಜುಂದಾರ್ 2000ದಲ್ಲಿ ಲೂಪ್ ಗುರುತ್ವ ಸಿದ್ಧಾಂತ ಬಳಸಿ ಅದರ ಗುಣಾಂಕ −3/2 ಅಂತ ಲೆಕ್ಕ ಹಾಕಿದರು. ಈಗ ಬೆಂಗಳೂರಿನ ಐಸಿಟಿಎಸ್‌ನಲ್ಲಿರುವ ಅಶೋಕ್ ಸೇನ್ ಬೇರೆ ದಾರಿ ಹಿಡಿದರು. ಈ ಗುಣಾಂಕ ದ್ರವ್ಯರಾಶಿ ಇಲ್ಲದ ಕಣಗಳಿಂದಲೇ ತೀರ್ಮಾನವಾಗುತ್ತೆ, ಅತಿ ಸಣ್ಣ ಅಳತೆಯ ವಿವರ ಗೊತ್ತಿರಬೇಕಾಗಿಲ್ಲ ಅನ್ನೋದು ಅವರ ಲೆಕ್ಕದ ಬಲ. ಕೆಸರು ಕಟ್ಟಿದ ಬೋರಿನಿಂದಲೂ ನೆಲದ ಗುಣ ತಿಳಿದ ಹಾಗೆ! ಸಾಮಾನ್ಯ ಕಪ್ಪುಕುಳಿಗೆ ಅವರಿಗೆ ಸಿಕ್ಕ ಉತ್ತರ ಲೂಪ್ ಗುರುತ್ವದ ಉತ್ತರಕ್ಕೆ ಹೊಂದಲಿಲ್ಲ. ಸೂರ್ಯನಷ್ಟು ತೂಕದ ಕಪ್ಪುಕುಳಿಯ ಎಂಟ್ರೊಪಿ ಒಂದರ ಮುಂದೆ 77 ಸೊನ್ನೆಯಷ್ಟು. ಅದರ ಲಾಗ್ ಬರೀ 177. ಅಷ್ಟು ಸಣ್ಣ ಪದವೇ ಎರಡು ದೊಡ್ಡ ಸಿದ್ಧಾಂತಗಳ ನಡುವೆ ಪರೀಕ್ಷೆ ಇಡುತ್ತಿದೆ.

ನಮ್ಮ ಅಟ್ಟದಲ್ಲೂ ಲಾಗ್ ಇತ್ತು

ಲಾಗ್ ಅಂದ್ರೆ 1614ರ ನೇಪಿಯರ್ ಅಂತ ಓದಿದ್ದೇವೆ. ರಾಷ್ಟ್ರಕೂಟರ ಕಾಲದ ಜೈನ ಮುನಿ ವೀರಸೇನರು 9ನೇ ಶತಮಾನದ ತಮ್ಮ 'ಧವಲಾ' ಟೀಕೆಯಲ್ಲಿ 'ಅರ್ಧಚ್ಛೇದ' ಅನ್ನೋ ಪದ ಬಳಸಿದ್ದಾರೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಅನ್ನೋ ಎಣಿಕೆ. 32ರ ಅರ್ಧಚ್ಛೇದ 5. ಕಂಪ್ಯೂಟರ್ ಸೈನ್ಸ್‌ನವರು ದಿನಾ ಬರೆಯೋ ಎರಡರ ಆಧಾರದ ಲಾಗ್ ಇದೇ. ಮೂರರ ಆಧಾರಕ್ಕೆ 'ತ್ರಿಕಚ್ಛೇದ' ಅಂದರು. ಈ ಗ್ರಂಥದ ತಾಳೆಗರಿಗಳು ಕನ್ನಡ ಲಿಪಿಯಲ್ಲಿ ಉಳಿದು ಬಂದದ್ದು ನಮ್ಮ ಮೂಡುಬಿದಿರೆಯ ಬಸದಿಯಲ್ಲಿ.

ರಜೆಗೆ ಊರಿಗೆ ಹೋಗೋ ಗೆಳೆಯರಿಗೆ ಒಂದು ಕೆಲಸ. ಮನೆಯಲ್ಲಿ ಬೋರ್ ಇದ್ದರೆ ಪಂಪು ಚಾಲೂ ಮಾಡಿ 1, 10, 100, 1000 ನಿಮಿಷಕ್ಕೆ ನೀರಿನ ಮಟ್ಟ ಅಳೆದು ಸೆಮಿಲಾಗ್ ಹಾಳೆಯಲ್ಲಿ ಗುರುತು ಹಾಕಿ. ಕರೆಂಟು 17 ತಾಸು ಇರಲ್ಲ ಅಂತೀರಾ? 100 ನಿಮಿಷದವರೆಗೆ ಅಳೆದು ಗೆರೆ ಮುಂದೆ ಎಳೆಯಿರಿ. ಆ ಗೆರೆ ಬೇಸಿಗೆಯ ಕೊನೆಗೆ ಪಂಪಿನ ತಳ ಮುಟ್ಟುತ್ತಾ ಅಂತ ಅಪ್ಪನ ಜೊತೆ ಕೂತು ನೋಡಿ. ಗೆರೆ ಕೆಳಕ್ಕೆ ಬಾಗಿದ್ದರೆ ಇನ್ನೂ ಬೇಗ ಮುಟ್ಟುತ್ತೆ. ಲಿಂಬಿ ಎಷ್ಟು ಎಕರೆ ಹಚ್ಚಬೇಕು ಅನ್ನೋ ಮಾತು ಅದಾದ ಮೇಲೆ ಆಡಿದರಾಯ್ತು.